ತಲೆ ತಗ್ಗಿಸಿ ಬಂದವರು

ವಾಸಿಲ್ ಕೊಸ್ತ್ಯುಕ್ ಐಸ್ ಹಾಕಿಯಲ್ಲಿ ಹದಿನಾಲ್ಕು ವರ್ಷ ಹೊಟ್ಟೆ ಹೊರೆದದ್ದು ತನ್ನ ಬಲಭುಜದಿಂದ. ಗೋಲು ಹೊಡೆದು ಹೆಸರು ಮಾಡುವವರು ಬೇರೆ. ಇವನು ಡಿಫೆನ್ಸ್‌ನವನು, ಬಂದವರನ್ನು ತಡೆಯುವವನು. ಎದುರಾಳಿ ಆ ಕಪ್ಪು ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ಬರುವಾಗ ಒಂದು ಗಳಿಗೆ ತಲೆ ತಗ್ಗಿಸಿ ಅದನ್ನು ನೋಡಿದನೋ, ಅವನ ಕಥೆ ಮುಗಿದ ಹಾಗೆ. ವಾಸಿಲ್ ಬಿಲ್ಲೆಯ ಕಡೆ ನೋಡುತ್ತಲೇ ಇರಲಿಲ್ಲ, ಎದೆ ನೋಡುತ್ತಿದ್ದ. ಕಣ್ಣು ಮೋಸ ಮಾಡೀತು, ಕಾಲು ಮೋಸ ಮಾಡೀತು, ಎದೆ ಮಾತ್ರ ಆಸಾಮಿ ಹೋಗುವ ಕಡೆಗೇ ಹೋಗುತ್ತದೆ. ಆಮೇಲೆ ಧಡ್ ಎಂದು ಒಂದು ಸದ್ದು, ಜನರೆಲ್ಲ ಎದ್ದು ನಿಂತು ಕೇಕೆ. ಆ ಕೇಕೆಗೇ ಇವನಿಗೆ ಸಂಬಳ. ಬಿದ್ದವರಲ್ಲಿ ಒಬ್ಬಿಬ್ಬರು ಮತ್ತೆ ಆಡಲೇ ಇಲ್ಲ, ಪಾಪ. ಇವನ ತಲೆಗೂ ಪೆಟ್ಟು ಬೀಳುತ್ತಿತ್ತು. ಬಿದ್ದರೆ ಮೂಗಿಗೆ ಘಾಟು ಔಷಧಿ ಹಿಡಿದು, ಬೆನ್ನು ತಟ್ಟಿ, ಮತ್ತೆ ಮಂಜಿನ ಮೇಲೆ ಅಟ್ಟುತ್ತಿದ್ದರು. ಮನುಷ್ಯರನ್ನು ಹಾಗೆ ದುಡಿಸಬಹುದೇ ಎಂದು ಆಗ ಯಾರೂ ಕೇಳಲಿಲ್ಲ, ಇವನಂತೂ ಕೇಳಲೇ ಇಲ್ಲ.

ಆಟ ಬಿಟ್ಟು ಸಸ್ಕಾಚೆವಾನ್ ಸೀಮೆಯಲ್ಲಿ ಅಪ್ಪನ ಕಾಲದ ಗೋಧಿ ಹೊಲಕ್ಕೆ ಬಂದು ಕೂತು ಬಹಳ ವರ್ಷವಾಗಿತ್ತು. ಹೆಂಡತಿ ತೀರಿಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಈ ಸಲದ ಸುಗ್ಗಿ ಮುಗಿಯುವ ಹೊತ್ತಿಗೆ ಮಗಳು ಲೆಸ್ಯಾ, ಎಂಟು ವರ್ಷದ ಡಾರ್ಸಿಯ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಗಂಡ ಮಗುವಿನ ಮೇಲೆ ಕೈ ಮಾಡಿದ್ದನಂತೆ. ಒಂದೇ ಏಟು. ಅದಕ್ಕೇ ಸಂಸಾರ ಬಿಟ್ಟು ಬಂದಿದ್ದಳು. ವಾಸಿಲ್ ಒಳಗೊಳಗೇ ಖುಷಿಪಟ್ಟ, ಸುಳ್ಳೇಕೆ? ದನಕ್ಕೆ ನೀರು ಕುಡಿಸುವ ಹೊಂಡ ಹೆಪ್ಪುಗಟ್ಟಿದ ದಿನದಿಂದ ತಾತ ಮೊಮ್ಮಗಳು ಅದರ ಮೇಲೇ ಬೀಡುಬಿಟ್ಟರು. ಆ ಹುಡುಗಿಗೆ ಹಾಕಿ ಎಂದರೆ ಪ್ರಾಣ. ತಾತನಿಗೆ ಹುಡುಗಿ ಎಂದರೆ ಪ್ರಾಣ.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ದಿನ ದಿನಸಿ ಅಂಗಡಿಯಲ್ಲಿ ಯಾರೋ ಹುಡುಗ ಫೋನು ನೋಡುತ್ತ, ತಲೆ ತಗ್ಗಿಸಿಕೊಂಡು, ಕಪಾಟಿನ ಮೂಲೆಯಿಂದ ರಭಸವಾಗಿ ತಿರುಗಿ ಬಂದ. ವಾಸಿಲ್‌ಗೆ ಗೊತ್ತಾಗುವಷ್ಟರಲ್ಲಿ ಹುಡುಗ ನೆಲದ ಮೇಲಿದ್ದ, ಸುತ್ತ ಬಟಾಣಿ ಡಬ್ಬಿಗಳು ಉರುಳುತ್ತಿದ್ದವು. ಮುಂದೆ ನೋಡಿಕೊಂಡು ನಡೆಯಬಾರದಾ ಎಂದು ಎಲ್ಲರೂ ಆ ಹುಡುಗನನ್ನೇ ಬೈದರು.

ಜನವರಿಯಲ್ಲಿ ಚರ್ಚಿನ ಹಾಲಿನಲ್ಲಿ ಮಲಾಂಕಾ, ಹಳೇ ಪಂಚಾಂಗದ ಹೊಸ ವರ್ಷದ ಕುಣಿತ. ಹಳೇ ಗೆಳೆಯ ಬೋಹ್ದಾನ್ ಕುಡಿದು, ಬಗ್ಗಿ, ಓಡುತ್ತ ಕುಣಿಯುತ್ತ ಇವನತ್ತ ಬಂದ. ಬಂದವನು ಮೇಜಿನ ಕೆಳಗೆ ಹೋಗಿ ಬಿದ್ದ. ತುಟಿಯ ರಕ್ತ ಒರೆಸಿಕೊಂಡು, "ಮುದಿ ಗೂಳಿ ಇನ್ನೂ ಹಾಯುತ್ತೆ ಕಣ್ರೋ, ಹುಷಾರು!" ಎಂದ. ಸೇರಿದವರೆಲ್ಲ ನಕ್ಕರು, ಲೆಸ್ಯಾ ಕೂಡ ನಕ್ಕಳು. ವಾಸಿಲ್ ಮಾತ್ರ ಬಲಭುಜ ಹಿಡಿದುಕೊಂಡು ಗೋಡೆಗೆ ಸರಿದು ನಿಂತ. ಗುದ್ದಬೇಕೆಂದು ಅವನು ಅಂದುಕೊಂಡಿರಲೇ ಇಲ್ಲ. ಭುಜ ಅವನನ್ನು ಕೇಳದೆ ಹೋಗಿತ್ತು, ಅವನು ಆಮೇಲಷ್ಟೇ ಬಂದು ನೋಡಿದ್ದ.

ಅವತ್ತೇ ಮಗಳಿಗೆ ಹೇಳಬೇಕಿತ್ತು. ಹೇಳುವುದು ಹೇಗೆ? ಒಂದು ಏಟಿಗೆ ಗಂಡನನ್ನೇ ಬಿಟ್ಟವಳು, ಅಪ್ಪನನ್ನು ಸಹಿಸಿಯಾಳೇ? ಮಾರನೇ ದಿನವೇ ಮಗುವನ್ನು ಕಾರಿಗೆ ಹತ್ತಿಸಿಯಾಳು. ಬಾಯಿ ಮುಚ್ಚಿಕೊಂಡ. ಸೊಂಟ ನೋವು, ಚಳಿ ಹೆಚ್ಚು, ಟ್ರ್ಯಾಕ್ಟರ್ ರಿಪೇರಿ ಎಂದು ದಿನಕ್ಕೊಂದು ನೆಪ ಹೇಳಿ ಹೊಂಡದ ಕಡೆ ಹೋಗುವುದನ್ನು ಬಿಟ್ಟ. ಡಾರ್ಸಿ ಒಬ್ಬಳೇ ಆಡಿದಳು. ತಾತನಿಗೆ ಸೋಲುವ ಹೆದರಿಕೆ ಎಂದು ಊಟದ ಮೇಜಿನಲ್ಲಿ ಹಂಗಿಸಿದಳು.

ಕೊನೆಗೆ ಒಂದು ಭಾನುವಾರ ಲೆಸ್ಯಾಳೇ ಒತ್ತಾಯಿಸಿದಳು. ಆಲೂಗಡ್ಡೆ ಕಡುಬು ಮಡಿಚುತ್ತ, ತಲೆ ಎತ್ತದೆ, "ಹೋಗಪ್ಪ, ಸ್ವಲ್ಪ ಹೊತ್ತು ಆಡು. ಅವಳಿಗೆ ಈಗ ನಂಬೋಕೆ ಇರೋ ಗಂಡಸು ಅಂದ್ರೆ ನೀನೊಬ್ಬನೇ," ಎಂದಳು. ಈ ಮಾತಿಗೆ ಯಾವ ಅಪ್ಪ ತಾನೇ ಇಲ್ಲ ಎಂದಾನು? ವಾಸಿಲ್ ಸ್ಕೇಟು ಕಟ್ಟಿಕೊಂಡ.

ಹೊಂಡದ ಮೇಲೆ ಗಾಳಿಯೇ ಇರಲಿಲ್ಲ. ಮಂಜು ಅಡಿಯಿಂದ ಆಗಾಗ ನರಳುತ್ತಿತ್ತು.

"ಒಂದೇ ಮಾತು ಕೇಳು ಪುಟ್ಟಿ," ಎಂದ ವಾಸಿಲ್. "ತಲೆ ಎತ್ಕೊಂಡು ಬಾ. ಬಿಲ್ಲೆ ನೋಡ್ಬೇಡ, ನನ್ ಮುಖಾನೇ ನೋಡ್ಕೊಂಡು ಬಾ. ಆಯ್ತಾ?"

"ಗೊತ್ತು ತಾತ, ಎಷ್ಟ್ ಸಲ ಹೇಳ್ತೀಯ!"

ಮೊದಲ ಸಲ ಹಾಗೇ ಬಂದಳು, ಮೂಗು ಕೆಂಪಗೆ, ಕಣ್ಣು ತಾತನ ಮೇಲೆ. ಅವನು ಸ್ಟಿಕ್ಕು ಚಾಚಿ ಬಿಲ್ಲೆ ಕಿತ್ತುಕೊಂಡ. ಎರಡನೇ ಸಲವೂ ಹಾಗೇ. ಭುಜ ತೆಪ್ಪಗಿತ್ತು. ಇಷ್ಟೇನಾ, ಸುಮ್ಮನೆ ಹೆದರಿದೆನಲ್ಲ ಎಂದು ಅವನ ಎದೆ ಹಗುರಾಯಿತು. ಅವನು ನಕ್ಕೂಬಿಟ್ಟ. ಡಾರ್ಸಿ ದೂರ ಹೋಗಿ ತಿರುಗಿ ಈ ಸಲ ಜೋರಾಗಿ ಬಂದಳು. ಶಾಲೆಯಲ್ಲಿ ಕಲಿತ ಹೊಸ ಪಟ್ಟೊಂದನ್ನು ತೋರಿಸಬೇಕಿತ್ತು ಅವಳಿಗೆ. ಬಿಲ್ಲೆಯನ್ನು ಕಾಲುಗಳ ನಡುವೆ ಎಳೆದುಕೊಳ್ಳಲು ತಲೆ ತಗ್ಗಿಸಿದಳು.

ವಾಸಿಲ್‌ಗೆ ಮೊಮ್ಮಗಳ ಮುಖ ಕಾಣದಾಯಿತು. ಕಂಡದ್ದು ಒಂದು ಎದೆ. ಅವನ ಮೊಣಕಾಲು ಬಾಗಿತು, ಸೊಂಟ ತಿರುಗಿತು, ಭುಜ ಇಳಿಯಿತು. ಬೇಡ ಎಂದು ಒಳಗಿನಿಂದ ಕೂಗಿದ, ಮೈ ಕೇಳಲಿಲ್ಲ. ಅಷ್ಟರಲ್ಲಿ ಅವನ ಸ್ಕೇಟಿನ ಅಲಗು ಒಂದು ಬಿರುಕಿಗೆ ಸಿಕ್ಕಿ, ಮರದ ದಿಮ್ಮಿ ಉರುಳಿದ ಹಾಗೆ ಅಡ್ಡ ಬಿದ್ದ. ಡಾರ್ಸಿ ಪಕ್ಕದಲ್ಲೇ ನುಸುಳಿ ಹೋಗಿ ಗೋಲು ಹೊಡೆದಳು.

"ತಾತನ್ನ ಬೀಳಿಸ್ದೆ! ಅಮ್ಮಾ, ನೋಡಿದ್ಯಾ?"

ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಲೆಸ್ಯಾ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟುತ್ತ ಹೊಂಡದ ದಂಡೆಗೆ ಬಂದಳು. ಮೊಮ್ಮಗಳಿಗೋಸ್ಕರ ಎಷ್ಟು ಚೆನ್ನಾಗಿ ಬೀಳ್ತೀಯಪ್ಪ, ನನಗೆ ಒಂದು ಸಲನಾದ್ರೂ ಹೀಗೆ ಬಿದ್ದಿದ್ಯಾ ಎಂದು ರೇಗಿಸಿದಳು. ಅವಳು ಅಷ್ಟು ನಕ್ಕದ್ದನ್ನು ವಾಸಿಲ್ ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಸುಮ್ಮನಿದ್ದಿದ್ದರೆ ಎಲ್ಲವೂ ಹಾಗೇ ಉಳಿಯುತ್ತಿತ್ತು. ಮನೆ, ಮಗಳು, ಮೊಮ್ಮಗಳು, ಬಿಸಿ ಕಡುಬು.

"ಇರು ತಾತ, ಎತ್ತುತ್ತೀನಿ," ಎಂದು ಡಾರ್ಸಿ ಅತ್ತ ಕಡೆಯಿಂದ ನೇರ ಅವನತ್ತ ಹೊರಟಳು.

"ಲೆಸ್ಯಾ, ಅವಳನ್ನ ಹಿಡ್ಕೋ," ಎಂದ ವಾಸಿಲ್. ಅವನ ದನಿ ಕೇಳಿ ಲೆಸ್ಯಾ ಬೂಟಿನಲ್ಲೇ ಮಂಜಿನ ಮೇಲೆ ಜಾರುತ್ತ ಓಡಿ ಮಗುವನ್ನು ತಡೆದಳು. "ನಾನಾಗಿ ಬೀಳ್ಲಿಲ್ಲ ಕಣೆ. ಕಾಲು ಸಿಕ್ಕಾಕ್ಕೊಂಡು ಬಿದ್ದೆ. ಬೀಳ್ದೇ ಇದ್ದಿದ್ರೆ ಅವಳನ್ನ ಗುದ್ದಿಬಿಡ್ತಿದ್ದೆ. ಬೋಹ್ದಾನನ್ನ ಗುದ್ದಿದ್ನಲ್ಲ, ಹಾಗೆ. ನನ್ ಮೈ ನನ್ ಮಾತು ಕೇಳ್ತಿಲ್ಲ."

ಲೆಸ್ಯಾಳ ನಗು ನಿಂತಿತು. ತಾತನನ್ನು ಎತ್ತಬೇಕು, ಬಿಡಮ್ಮ ಎಂದು ಡಾರ್ಸಿ ಕೊಸರಾಡಿದಳು, ಅತ್ತಳು. ಲೆಸ್ಯಾ ಮಗುವಿನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅಪ್ಪನನ್ನೇ ನೋಡುತ್ತ ನಿಂತಳು. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು, ಅವನಿಗೆ ಬೆನ್ನು ತೋರಿಸದೆ.