ಕಣ್ಣಿನ ಕೆಳಗಿನ ಕಪ್ಪು ಗೆರೆ

ನಮ್ಮ ಸ್ಟುಡಿಯೋದಿಂದ ಹೊರಗೆ ಹೋಗುವ ಯಾವ ಮುಖಕ್ಕೂ ಕಣ್ಣಿನ ಕೆಳಗೆ ಕಪ್ಪು ಇರುವುದಿಲ್ಲ. ಅದು ಅಕ್ಕನ ಪಣ. ಫೋಟೋ ತೆಗೆಯುವವನು ನಾನು, ಕಂಪ್ಯೂಟರಿನಲ್ಲಿ ತಿದ್ದುವವಳು ಅವಳು. ಪಾಸ್‌ಪೋರ್ಟು, ಶಾಲೆಯ ಕಾರ್ಡು, ಕೆಲಸದ ಅರ್ಜಿ ಎಂದು ಹದಿಮೂರು ವರ್ಷಗಳಿಂದ ಊರಿನ ಅರ್ಧ ಜನ ನನ್ನ ಸ್ಟೂಲಿನ ಮೇಲೆ ಕೂತು ಎದ್ದು ಹೋಗಿದ್ದಾರೆ. ಅಷ್ಟು ಫೋಟೋಗಳಲ್ಲಿ ಒಂದರ ಕೆಳಗೂ ನನ್ನ ಹೆಸರಿಲ್ಲ. ಹಾಕುವ ಪದ್ಧತಿಯೂ ಇಲ್ಲ.

ಮೇಷ್ಟರ ಪುಸ್ತಕದ ಮೇಲೆ ನನಗೆ ಆಸೆ ಹುಟ್ಟಿದ್ದು ಅದಕ್ಕೇ. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದ ಅವರು ಊರಿನ ಹಿತ್ತಲುಗಳಿಗೆ ಬರುವ ಹಕ್ಕಿಗಳ ಪುಸ್ತಕವೊಂದನ್ನು ಸಿದ್ಧ ಮಾಡುತ್ತಿದ್ದರು. ಹಕ್ಕಿಗೊಂದು ಪುಟ, ಪುಟಕ್ಕೊಂದು ಫೋಟೋ, ಫೋಟೋದ ಕೆಳಗೆ ತೆಗೆದವರ ಹೆಸರು. ಸಿಗುವ ಹಕ್ಕಿಗಳನ್ನೆಲ್ಲ ಬೇರೆಯವರು ತೆಗೆದುಕೊಟ್ಟಾಗಿತ್ತು. ಉಳಿದಿದ್ದು ಒಂದೇ, ಪಟ್ಟೆಗಣ್ಣಿನ ಹಕ್ಕಿ. ಹೆಬ್ಬೆರಳಿನಷ್ಟು ಗಾತ್ರ, ಒಣ ಎಲೆಯ ಬಣ್ಣ. ಕಣ್ಣಿನ ಕೆಳಗೆ ಒಂದು ಕಪ್ಪು ಗೆರೆ, ಹಳದಿ ಕಾಲು. ಈ ಎರಡು ಗುರುತು ಇಲ್ಲದಿದ್ದರೆ ಅದಕ್ಕೂ ಮಾಮೂಲಿ ಕಂದು ಹಕ್ಕಿಗೂ ವ್ಯತ್ಯಾಸವಿಲ್ಲ.

ಅದು ನಮ್ಮ ಸ್ಟುಡಿಯೋದ ಹಿಂದೆ, ಸೋರುವ ನಲ್ಲಿಯ ಕೆಳಗೆ ಸ್ನಾನಕ್ಕೆ ಬರುತ್ತಿತ್ತು. ಮೂರು ತಿಂಗಳು ಅಕ್ಕನಿಗೆ ನಲ್ಲಿ ರಿಪೇರಿ ಮಾಡಿಸಲು ಬಿಡಲಿಲ್ಲ. ದಿನವೂ ಬೆಳಿಗ್ಗೆ ಏಳಕ್ಕೆ ಉಗ್ರಾಣದ ಕಿಟಕಿಯಲ್ಲಿ, ಪದ್ಯದ ಮುಂದಿನ ಸಾಲಿಗೆ ಕಿವಿಗೊಟ್ಟವನ ಹಾಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ನಾನು ಕ್ಯಾಮೆರಾ ಎತ್ತುವ ತನಕ ಹಕ್ಕಿ ನೆಮ್ಮದಿಯಾಗಿ ಮೀಯುತ್ತಿತ್ತು. ಎತ್ತಿದರೆ ಇಲ್ಲ. ಒಮ್ಮೆ ಬರಿಯ ನೀರ ಹನಿ ಸಿಕ್ಕಿತು. ಒಮ್ಮೆ ಬಾಲ ಸಿಕ್ಕಿತು. ಅದನ್ನೇ ಕಳಿಸಿದೆ.

“ಬಾಲ ಚೆನ್ನಾಗಿದೆ ಕಣಪ್ಪಾ,” ಎಂದರು ಮೇಷ್ಟರು. “ಉಳಿದಿದ್ದು ಯಾವಾಗ ಬರುತ್ತೆ?”

ಪುಸ್ತಕ ಶುಕ್ರವಾರ ಹತ್ತು ಗಂಟೆಗೆ ಅಚ್ಚಿಗೆ ಹೋಗುವುದಿತ್ತು. ಗುರುವಾರ ಬೆಳಿಗ್ಗೆ ಹಕ್ಕಿ ನಲ್ಲಿಯ ಕೆಳಗಿನ ಕಲ್ಲಿನ ಮೇಲೆ ನಿಂತು, ತಲೆ ತಿರುಗಿಸಿ, ನೇರ ನನ್ನ ಕಡೆ ನೋಡಿತು. ಕ್ಯಾಮೆರಾ ಒಂದೇ ಒಂದು ಸಲ ಕ್ಲಿಕ್ಕೆಂದಿತು. ಪರದೆಯಲ್ಲಿ ನೋಡಿದೆ: ಕೊಕ್ಕಿನಿಂದ ಕಾಲಿನವರೆಗೆ ಎಲ್ಲ ಸ್ಪಷ್ಟ. ದೇವರೇ, ಸಾಕು ಎಂದುಕೊಂಡೆ.

ಎಂಟೂವರೆಗೆ ಕಾರ್ಖಾನೆಯೊಂದರಲ್ಲಿ ಇನ್ನೂರು ಜನರ ಗುರುತಿನ ಚೀಟಿಯ ಫೋಟೋ ತೆಗೆಯುವುದಿತ್ತು. ಅವಸರದಲ್ಲಿ ಹಕ್ಕಿಯ ಫೋಟೋವನ್ನು ಕಂಪ್ಯೂಟರಿಗೆ ಇಳಿಸಿ, ತೆರೆದಿದ್ದ ಫೋಲ್ಡರಿಗೇ ಹಾಕಿದೆ. ಅದು ಹಿಂದಿನ ದಿನ ತೆಗೆದ ಶಾಲಾಮಕ್ಕಳದು. ಇಳಿಸಿದ ಮೇಲೆ ಕ್ಯಾಮೆರಾದ ಕಾರ್ಡು ಅಳಿಸಲೇಬೇಕು ಎಂಬುದು ನಾನೇ ಮಾಡಿದ ನಿಯಮ. ಹಿಂದೊಮ್ಮೆ ಒಬ್ಬರ ಚೀಟಿಗೆ ಇನ್ನೊಬ್ಬರ ಮುಖ ಹೋಗಿ ರಗಳೆಯಾಗಿತ್ತು. ಅಳಿಸಿದೆ. ಚಪ್ಪಲಿ ಮೆಟ್ಟುತ್ತಾ ಅಕ್ಕನಿಗೆ, “ಹಕ್ಕಿದು ಅದರಲ್ಲೇ ಇದೆ, ಮೇಷ್ಟ್ರಿಗೆ ಕಳಿಸಿಬಿಡು,” ಎಂದೆ.

ಸಂಜೆ ಹಿಂದಿರುಗುವ ಹೊತ್ತಿಗೆ ಮೇಷ್ಟರ ಫೋನು ಬಂತು.

“ಏನಪ್ಪಾ, ನಿನ್ನ ಹಕ್ಕಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆಯಾ?”

“ಅರ್ಥ ಆಗ್ಲಿಲ್ಲ ಮೇಷ್ಟ್ರೇ.”

“ಹಿಂದೆ ಬಿಳೀ ಗೋಡೆ. ಭುಜಕ್ಕೆ ಸರಿಯಾಗಿ ಕತ್ತರಿಸಿದ್ದೀಯ. ಕಣ್ಣಿನ ಕೆಳಗೆ ಗೆರೆ ಇಲ್ಲ. ಇದು ಮಾಮೂಲಿ ಹಕ್ಕಿ. ಇದರ ಫೋಟೋ ನನ್ನ ಹತ್ರ ನಲವತ್ತಿದೆ.”

ಒಳಗೆ ಹೋಗಿ ಕಂಪ್ಯೂಟರ್ ನೋಡಿದೆ. ನೂರ ಹನ್ನೆರಡು ಮಕ್ಕಳ ಕೊನೆಯಲ್ಲಿ, ಅದೇ ಅಳತೆಯ ಚೌಕದೊಳಗೆ ಹಕ್ಕಿ ಕೂತಿತ್ತು. ಚೆನ್ನಾಗಿ ನಿದ್ದೆ ಮಾಡಿ ಎದ್ದ ಮುಖ.

“ಅಕ್ಕಾ, ಇದೇನು ಮಾಡಿದ್ದೀಯೇ?”

“ಪುಸ್ತಕಕ್ಕೆ ಹೋಗೋದಲ್ವೇನೋ, ನೀಟಾಗಿರ್ಲಿ ಅಂತ ಮಾಡ್ದೆ. ಹಿಂದೆ ಪಾಚಿ, ನಲ್ಲಿ, ಪ್ಲಾಸ್ಟಿಕ್ ಬಕೆಟ್ಟು. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?”

“ಕಣ್ಣಿನ ಕೆಳಗಿಂದು?”

“ಕಪ್ಪಗಿತ್ತು. ತೆಗೆದೆ.”

“ದೇವರು ಬರೆದ ಗೆರೆ ಕಣೇ ಅದು!”

“ಹದಿಮೂರು ವರ್ಷದಿಂದ ಅದನ್ನೇ ತಾನೆ ಅಳಿಸ್ತಾ ಇರೋದು. ಒಂದು ದಿನಾನೂ ನೀನು ದೇವರ ಹೆಸರು ಎತ್ತಿರ್ಲಿಲ್ಲ.”

ಮೊದಲಿನ ಫೋಟೋ ಎಲ್ಲಿ ಎಂದು ಕೇಳಿದೆ. ಅದರ ಮೇಲೇ ಸೇವ್ ಮಾಡಿದ್ದಳು. ಕಾರ್ಡಿನಲ್ಲಿ ಇನ್ನೂರು ಕಾರ್ಮಿಕರು ತುಂಬಿದ್ದರು. ಬಯ್ಯೋಣವೆಂದರೆ ನನ್ನನ್ನು ಎತ್ತಿ ಆಡಿಸಿದವಳು, ಮನತುಂಬ ಪ್ರೀತಿಯಿಂದ ಹಾಳುಮಾಡಿದ್ದಾಳೆ. ನನ್ನನ್ನೇ ಬಯ್ದುಕೊಳ್ಳೋಣವೆಂದರೆ ಅದರಿಂದ ಗೆರೆ ವಾಪಸು ಬರುವುದಿಲ್ಲ. ಹಲ್ಲು ಕಚ್ಚಿಕೊಂಡು ಊಟ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಆರಕ್ಕೇ ಕಿಟಕಿಯಲ್ಲಿ ಕೂತೆ. ಒಂಬತ್ತೂಕಾಲಿನ ತನಕ ನಲ್ಲಿ ತೊಟ್ಟಿಕ್ಕಿತು. ಬಂದದ್ದು ಎರಡು ಕಾಗೆ, ಮೀಟರ್ ಓದುವವನೊಬ್ಬ.

ಅಕ್ಕ ಬಂದು ಹಿಂದೆ ನಿಂತಳು. “ಅಳಿಸಿದವಳು ನಾನು, ಹಾಕಿಕೊಡೋದೂ ನಾನೇ. ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗಲ್ಲ.”

“ಅದು ಸುಳ್ಳಾಗುತ್ತೆ.”

“ಇದ್ದ ಗೆರೆ ತಾನೇ?”

“ಇದ್ದ ಗೆರೆ ಹೇಗಿತ್ತು ಅಂತ ನಿನಗೇನು ಗೊತ್ತು?”

ಅವಳು ರಸೀದಿ ಪುಸ್ತಕದ ಹಿಂಬದಿಗೆ ಪೆನ್ಸಿಲಿನಲ್ಲಿ ಹಕ್ಕಿಯ ತಲೆ ಬರೆದಳು. ಕೊಕ್ಕಿನ ಬುಡದಿಂದ ಗೆರೆ ಹೊರಟು, ಕಣ್ಣಿನ ಕೆಳಗೆ ಕೂದಲಿನಷ್ಟು ತೆಳುವಾಗಿ, ಆಮೇಲೆ ದಪ್ಪಗಾಗಿ, ಕೊನೆಗೆ ಸಣ್ಣ ಕೊಕ್ಕೆಯಂತೆ ಕೆಳಗೆ ಬಾಗಿತು. “ಈ ಕೊಕ್ಕೆ ಅಳಿಸೋಕೇ ಹತ್ತು ನಿಮಿಷ ಹಿಡೀತು,” ಎಂದಳು.

ಕೊಕ್ಕೆಯನ್ನು ನಾನು ನೋಡಿರಲೇ ಇಲ್ಲ. ಮೂರು ತಿಂಗಳು ನೋಡಿದ್ದು ಫೋಕಸ್ಸನ್ನು, ಬೆಳಕನ್ನು, ಗಡಿಯಾರವನ್ನು.

ಮೇಷ್ಟರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಕೊನೇಲಿ ಕೊಕ್ಕೆ ಇತ್ತು ಅಂದ್ಳಾ?”

“ಹೌದು. ಬರೆದೂ ತೋರಿಸಿದ್ಳು.”

“ಅದು ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಿರೋ ವಿಷಯ ಕಣಪ್ಪಾ. ಒಂದು ಕೆಲಸ ಮಾಡೋಣ. ಫೋಟೋ ಬೇಡ, ಆ ಚಿತ್ರಾನೇ ಕಳಿಸು. ಕೆಳಗೆ ನಿಮ್ಮಕ್ಕನ ಹೆಸರು ಹಾಕ್ತೀನಿ. ಕಾಲಿನ ಬಣ್ಣ ಒಂದು ಕೇಳಿ ಹೇಳು. ಅದನ್ನೂ ಕಂಡವರಿಲ್ಲದೆ ಪುಟ ನಿಲ್ಲಲ್ಲ.”

ಅಕ್ಕನ ಹೆಸರು. ಫೋನಿಗೆ ಕೈ ಅಡ್ಡ ಹಿಡಿದು ಕೇಳಿದೆ, “ಕಾಲು ಯಾವ ಬಣ್ಣ ಇತ್ತೇ?”

“ಕಾಲು ನೋಡ್ಲಿಲ್ಲ. ಮೊದಲು ಕತ್ತರಿಸಿದ್ದೇ ಅದನ್ನ.” ಆಮೇಲೆ ಪಿಸುಗುಟ್ಟಿದಳು, “ಹಳದಿ ಅಂದ್ಬಿಡೋ. ಹಳದಿ ತಾನೇ ಇರ್ಬೇಕಾದ್ದು?”

ಕಣ್ಣು ಮುಚ್ಚಿ ನೆನೆಸಿಕೊಂಡೆ. ಕಲ್ಲು ಕಂಡಿತು, ನೀರು ಕಂಡಿತು. ಸ್ಪಷ್ಟವಾಗಿ ಬಂದಿದೆ ಎಂದು ಪರದೆಯಲ್ಲಿ ನೋಡಿ ಹಿಗ್ಗಿದ್ದು ನೆನಪಿಗೆ ಬಂತು. ಬಣ್ಣ ಮಾತ್ರ ಬರಲಿಲ್ಲ.

“ಗೊತ್ತಿಲ್ಲ ಮೇಷ್ಟ್ರೇ. ಇಬ್ಬರೂ ನೋಡ್ಲಿಲ್ಲ.”

“ಹಾಗಾದ್ರೆ ಆ ಪುಟ ತೆಗೆದುಬಿಡ್ತೀನಿ,” ಎಂದರು. ಬೇಸರದಿಂದಲೂ ಅಲ್ಲ, ಸಿಟ್ಟಿನಿಂದಲೂ ಅಲ್ಲ. ಅವರಿಗೆ ಹೊತ್ತಾಗಿತ್ತು.

“ಒಂದು ಮಾತು ಹೇಳೋಕೆ ನಾಲಿಗೆ ತಿರುಗಲಿಲ್ವೇನೋ ನಿನಗೆ?” ಎಂದಳು ಅಕ್ಕ.

“ನೋಡಿದ್ರೆ ತಿರುಗ್ತಿತ್ತು.”

ಅವಳು ಪೆನ್ಸಿಲ್ ಕೆಳಗಿಟ್ಟು, ಬೀಗದ ಕೈ ತೆಗೆದುಕೊಂಡು ಮುಂಬಾಗಿಲು ತೆರೆಯಲು ಹೋದಳು. ನಾನು ರಸೀದಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತೆಳುವಾಗಿ ಹೊರಟು, ದಪ್ಪಗಾಗಿ, ಬಾಗಿ ನಿಂತ ಗೆರೆ. ಒಂದು ತಪ್ಪೂ ಇರಲಿಲ್ಲ. ಅದರ ಮೇಲೂ ನನಗೆ ಸಿಟ್ಟು ಬಂತು.