ಮೇಕೆ ಅಂತಲೇ ಬರೀರಿ

"ಹತ್ರ ಬರ್ಬೇಡ. ಅಲ್ಲೇ ಲಿಫ್ಟ್ ಪಕ್ಕ ನಿಂತ್ಕೋ," ಎಂದು ಸುಚಿತ್ರಾ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು.

ಸಾಕಮ್ಮ ಅಲ್ಲೇ ನಿಂತಳು. ವಿಜಯನಗರದ ಸುಚಿತ್ರಾಳ ಮನೆಯಲ್ಲಿ ಹನ್ನೊಂದು ವರ್ಷ ಕಸ ಮುಸುರೆ ಮಾಡಿದವಳನ್ನು ಎಂಟು ದಿನಗಳ ಹಿಂದೆ ಗೇಟು ಕೂಡ ತೆಗೆಯದೆ ವಾಪಸು ಕಳಿಸಿದ್ದರು. ಇವತ್ತು ಆಸ್ಪತ್ರೆಗೆ ಕರೆಸಿದ್ದು ಸುಚಿತ್ರಾ ಅಲ್ಲ, ಡಾಕ್ಟರು.

ಐಸಿಯು ಒಳಗೆ ಸುಚಿತ್ರಾಳ ಗಂಡ ಹರೀಶ್ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ. ಜ್ವರ ಇಳಿದಿರಲಿಲ್ಲ. ಡೆಂಗಿ ಅಲ್ಲ, ಟಿಬಿ ಅಲ್ಲ, ಕೋವಿಡ್ಡೂ ಅಲ್ಲ. ಯಾವ ಇಂಜೆಕ್ಷನ್ನಿಗೂ ಅವನ ಶ್ವಾಸಕೋಶದ ಸೋಂಕು ಜಗ್ಗಲಿಲ್ಲ. "ಮನೇಲಿ ಪ್ರಾಣಿ ಏನಾದ್ರೂ ಸಾಕಿದೀರಾ?" ಎಂದು ಡಾಕ್ಟರ್ ಮಂಜುಶ್ರೀ ಕೇಳಿದ್ದೇ ತಡ, ಸುಚಿತ್ರಾಗೆ ಉತ್ತರ ಹೊಳೆದುಬಿಟ್ಟಿತ್ತು. "ನಮ್ಮನೇಲಾ? ಛೆ! ಕೆಲಸದೋಳು ಸಾಕಿದಾಳೆ ನೋಡಿ ಮೇಕೆ, ಅವಳ ಕೆಸರೆ ಮನೇಲಿ. ಅದರ ಜೊತೆ ಮಲಗೆದ್ದು ಸೀದಾ ನಮ್ಮನೆಗೇ ಬರ್ತಾಳೆ."

ಡಾಕ್ಟರು ಅದನ್ನು ಒಂದು ಸಾಧ್ಯತೆ ಎಂದು ಬರೆದುಕೊಂಡರು. ಸುಚಿತ್ರಾ ಅಷ್ಟು ಹೊತ್ತು ಕಾಯುವವಳಲ್ಲ. ಗೌರಿ ಹಬ್ಬದಲ್ಲಿ ಸಾಕಮ್ಮನಿಗೆ ರವಿಕೆ ಕಣ ಕೊಡುತ್ತಾ ತೆಗೆಸಿಕೊಂಡ ಫೋಟೊ ಅವಳ ಫೋನಿನಲ್ಲಿತ್ತು. ತಾನು ಎಷ್ಟು ದೊಡ್ಡ ಮನಸ್ಸಿನವಳು ಎಂದು ಆಗ ಎಲ್ಲರಿಗೂ ಕಳಿಸಿದ್ದ ಫೋಟೊ. ಈಗ ಅದರಿಂದ ತನ್ನನ್ನು ಕತ್ತರಿಸಿ ತೆಗೆದು, ಉಳಿದರ್ಧವನ್ನು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. 'ಮೇಕೆಯಿಂದ ಬರುವ ಭಯಂಕರ ಕಾಯಿಲೆ. ಈಕೆಯನ್ನು ಮನೆಗೆ ಸೇರಿಸಬೇಡಿ.' ಮೂವತ್ತೆಂಟು ಜನ ಕೈಮುಗಿದರು. ಮರುದಿನ ಸಾಕಮ್ಮನ ಇನ್ನುಳಿದ ಮೂರು ಮನೆಗಳೂ ತಪ್ಪಿದವು. ಕೆಸರೆಯಲ್ಲೂ ಸುದ್ದಿ ಹಬ್ಬಿ, ಹೆದರಿದ ಅವಳ ಗಂಡ ಮಂಟೇಸ್ವಾಮಿ ಎರಡೂ ಮೇಕೆಗಳನ್ನು ಸಿಕ್ಕಿದವರಿಗೆ ಸಿಕ್ಕಿದ ಬೆಲೆಗೆ ಹೊಡೆದುಕೊಟ್ಟು ಬಂದ.

ಡಾಕ್ಟರ್ ಮಂಜುಶ್ರೀ ಕಾಗದ ಹಿಡಿದು ಹೊರಬಂದರು. ಲಿಫ್ಟಿನ ಪಕ್ಕ ನಿಂತವಳನ್ನು ನೋಡಿ, "ಸಾಕಮ್ಮ ನೀವೇನಾ? ಬನ್ನಿ ಈ ಕಡೆ," ಎಂದು ತಮ್ಮ ಪಕ್ಕಕ್ಕೇ ಕರೆದುಕೊಂಡರು. ಸುಚಿತ್ರಾ ಎರಡು ಹೆಜ್ಜೆ ಹಿಂದೆ ಸರಿದಳು.

"ಹರೀಶ್ ಅವರ ಶ್ವಾಸಕೋಶ ತೊಳೆದು ತೆಗೆದ ನೀರನ್ನ ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ವಲ್ಲ, ರಿಪೋರ್ಟ್ ಬಂತು. ಅದರಲ್ಲಿ ಯಾವ್ಯಾವ ರೋಗಾಣು ಇದೆಯೋ ಎಲ್ಲದರ ಡಿಎನ್‌ಎ ಓದಿ, ಗೊತ್ತಿರೋದರ ಜೊತೆ ಹೋಲಿಸ್ತಾರೆ. ಇದು ಹಕ್ಕಿಗಳಿಂದ ಬರೋ ಬ್ಯಾಕ್ಟೀರಿಯಾ. ಹೆಚ್ಚಾಗಿ ಗಿಳಿಯಿಂದ. ಹಿಕ್ಕೆ ಒಣಗಿ ಧೂಳಾಗತ್ತೆ, ಆ ಧೂಳು ಉಸಿರಲ್ಲಿ ಒಳಗೆ ಹೋಗತ್ತೆ. ಮನೇಲಿ ಹಕ್ಕಿ ಇದೆಯಾ?"

"ಪ್ರಾಣಿ ಅಂತ ಏನೂ..." ಎಂದು ಸುಚಿತ್ರಾ ರಾಗ ಎಳೆದಳು.

"ಗಿಣಿ ಅವೆ ಕಣವ್ವ," ಎಂದಳು ಸಾಕಮ್ಮ. "ಪಾರಿನ್ ಗಿಣಿ, ಬೂದಿ ಬಣ್ಣದ್ದು. ಎರಡಿದ್ದೊ. ಒಂದು ಮೂಗಲ್ಲಿ ನೀರ್ ಸುರಿಸ್ಕೊಂಡು ಸತ್ತೋಯ್ತು. ಯಜಮಾನ್ರು ಜ್ವರ ಬಂದು ಮಲಗೋಕೆ ಎಂಟತ್ತು ದಿನ ಮುಂಚೆ. ನಾನೇ ಹೂತಾಕ್ದೆ. ಯಜಮಾನ್ರು ಅದುಕ್ಕೆ ಬಾಯಿಂದ ಬಾಯಿಗೆ ಬಾದಾಮಿ ತಿನ್ನುಸ್ತಿದ್ರು."

"ಅದು ಸರ್ಟಿಫಿಕೇಟ್ ಇರೋ ಹಕ್ಕಿ, ಡಾಕ್ಟ್ರೇ," ಎಂದಳು ಸುಚಿತ್ರಾ, ರೋಗಾಣು ಸರ್ಟಿಫಿಕೇಟು ನೋಡಿ ಬಾಗಿಲಲ್ಲೇ ವಾಪಸು ಹೋಗುತ್ತದೆ ಎನ್ನುವ ಹಾಗೆ. ಆಮೇಲೆ ದನಿ ತಗ್ಗಿಸಿದಳು. "ನೋಡಿ, ಔಷಧಿ ಹೇಗೂ ನೀವು ಕೊಟ್ಟೇ ಕೊಡ್ತೀರ. ಕಾಗದದಲ್ಲಿ ಮೇಕೆ ಅಂತಲೇ ಬರೀರಿ. ನಾನು ಎಲ್ಲರಿಗೂ ಹಾಗೇ ಹೇಳ್ಬಿಟ್ಟಿದೀನಿ."

ಡಾಕ್ಟರು ಕಾಗದವನ್ನು ಮಡಚಿದರು. "ಮೇಕೆದಾಗಿದ್ರೆ ಮೇಕೆದು ಅಂತಲೇ ಬರ್ತಿತ್ತು ಕಣ್ರೀ." ಸಾಕಮ್ಮನ ಕಡೆ ತಿರುಗಿದರು. "ಪಂಜರ ತೊಳೀತಿದ್ದೋರು ನೀವಲ್ವಾ? ನಿಮ್ಮನ್ನೂ ಪರೀಕ್ಷೆ ಮಾಡ್ಬೇಕು. ಬನ್ನಿ."

ಸಾಕಮ್ಮನಿಗೆ ಏನೂ ಅಂಟಿರಲಿಲ್ಲ. ಔಷಧಿ ಬದಲಾಯಿಸಿದ ಮೂರನೇ ದಿನಕ್ಕೆ ಹರೀಶನ ಜ್ವರ ಬಿಟ್ಟಿತು. ಮುಂದಿನ ವಾರ ಮನೆಗೆ ಬಂದ. ಅವನು ಬಂದ ಮಾರನೆಯ ದಿನ ಸಾಕಮ್ಮನ ಫೋನು ಬಡಿದುಕೊಂಡಿತು.

"ಆಗಿದ್ದು ಆಗ್ಹೋಯ್ತು, ನಾಳೆಯಿಂದ ಬಾ. ಮೊದಲು ಆ ಪಂಜರ ಒಂದು ಕ್ಲೀನ್ ಮಾಡ್ಬಿಡು. ನನಗೆ ಅದರ ಹತ್ರ ಹೋಗೋಕೇ ಭಯ."

ಭಯ ಸುಚಿತ್ರಾಗೆ ಮಾತ್ರ ಆಗುತ್ತದೆ, ಸಾಕಮ್ಮನಿಗೆ ಆಗುವುದಿಲ್ಲ. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಇದ್ದ ತಿಳುವಳಿಕೆ ಇಷ್ಟೇ. ಬೇರೆ ಯಾರನ್ನಾದರೂ ಕರೆಯೋಣವೆಂದರೆ, ಸುಚಿತ್ರಾಳೇ ಹಬ್ಬಿಸಿದ ಭಯಂಕರ ಕಾಯಿಲೆಯ ಸುದ್ದಿ ಕೇಳಿ ಬನ್ನಿಮಂಟಪದಿಂದ ಕೆಸರೆಯವರೆಗೆ ಒಬ್ಬ ಕೆಲಸದವಳೂ ಆ ಮನೆಯ ಗೇಟು ಮುಟ್ಟಲು ಒಪ್ಪಿರಲಿಲ್ಲ.

"ಓಗ್ಬ್ಯಾಡ ಕಣೆ," ಎಂದ ಮಂಟೇಸ್ವಾಮಿ.

"ನೀನು ಮೇಕೆ ಹೊಡ್ಕೊಟ್ಟಂಗೆ ನಾನು ಹೆದ್ರುಕೊಂಡು ಕೂರಕ್ಕಾಯ್ತದಾ?" ಎಂದು ಸಾಕಮ್ಮ ಚಪ್ಪಲಿ ಮೆಟ್ಟಿದಳು.

ಉಳಿದ ಗಿಳಿಯನ್ನು ಪಶುವೈದ್ಯರು ತೆಗೆದುಕೊಂಡು ಹೋಗಿದ್ದರು. ಮೇಲಿನ ಬಾಲ್ಕನಿಯಲ್ಲಿ ಆಳೆತ್ತರದ ಪಂಜರ ಬಾಗಿಲು ತೆರೆದುಕೊಂಡು ನಿಂತಿತ್ತು. ಸುಚಿತ್ರಾ ಒಳಗಿನಿಂದ ಕೈ ಮಾತ್ರ ಚಾಚಿ ಪೊರಕೆ, ಔಷಧಿ ನೀರಿನ ಬಕೆಟ್ಟು, ಒರೆಸುವ ಬಟ್ಟೆ, ಗ್ಲೌಸು ಇಟ್ಟಳು.

"ಗ್ರೂಪಲ್ಲಿ ಆಕುದ್ರಾ ಅಮ್ಮಾರೆ, ಮೇಕೆ ಅಲ್ಲ ಗಿಣಿ ಅಂತ?"

"ಅದು ನಮ್ಮನೆ ವಿಷಯ ಕಣೇ, ಬೀದಿಯೋರಿಗೆಲ್ಲ ಯಾಕೆ? ನಿನ್ನ ಫೋಟೊ ಡಿಲೀಟ್ ಮಾಡಿದೀನಿ, ಸಾಕಲ್ವಾ?"

ಸಾಕಮ್ಮ ಅವಳ ಮುಖವನ್ನೇ ನೋಡಿದಳು. ಕೋಪ ಬರಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಕೋಪ ಬರಲಿಲ್ಲ. ಇಷ್ಟು ವರ್ಷ ಈ ಹೆಂಗಸಿಗೆ ಹೆದರಿದ್ದೆನಲ್ಲ ಎಂದು ಹೇಸಿಗೆಯಾಯಿತು. ಗೋಡೆ ಬದಿಯಲ್ಲಿದ್ದ ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ನಾನ್ ಮಾಡಕ್ಕಿಲ್ಲ. ಎಂಗೆ ಮಾಡ್ಬೇಕು ಅಂತ ಡಾಕ್ಟ್ರವ್ವ ಯೋಳ್ಕೊಟ್ಟವ್ರೆ. ಯೋಳ್ತೀನಿ, ನೀವ್ ಮಾಡಿ."

"ಏನು?"

ಒಳಗಿನಿಂದ ಹರೀಶ್ ಕೆಮ್ಮಿದ. "ಸುಚೀ, ಆ ಪಂಜರದ ಕೆಲಸ ಇವತ್ತಾದರೂ ಆಗತ್ತೋ ಇಲ್ವೋ?"

ಸುಚಿತ್ರಾ ಒಳಗೆ ನೋಡಿದಳು, ಪಕ್ಕದ ಮನೆಯ ಪಂಕಜಾಳ ಕಿಟಕಿ ನೋಡಿದಳು. ಕೊನೆಗೆ ಗ್ಲೌಸಿಗೆ ಕೈ ತೂರಿಸಿದಳು.

"ಪೊರಕೆ ಬ್ಯಾಡಿ, ಧೂಳ್ ಏಳ್ತದೆ. ಮೊದ್ಲು ಔಸ್ದಿ ನೀರ್ ಚಿಮುಕ್ಸಿ. ಚೆನ್ನಾಗಿ ನೆನೀಲಿ. ಆಮೇಲೆ ಒರಸಿ. ಕೂತ್ಕೊಂಡ್ ಒರಸಿ, ನಿಂತ್ಕೊಂಡ್ರೆ ಬರಕ್ಕಿಲ್ಲ."

ಸುಚಿತ್ರಾ ಮಂಡಿಯೂರಿ ಕೂತಳು. ನೈಟಿಯ ಅಂಚು ನೆನೆಯಿತು. ಪಂಜರದ ತಳ ಮುಗಿಸಿ, ಬಟ್ಟೆ ಹಿಂಡಿಕೊಂಡು, ನೆಲವನ್ನು ಒರೆಸುತ್ತಾ ಒರೆಸುತ್ತಾ ಕುರ್ಚಿಯ ಬಳಿಗೆ ಬಂದಳು.

ಸಾಕಮ್ಮ ಕೂತಲ್ಲೇ ಎರಡೂ ಕಾಲುಗಳನ್ನು ಮೇಲಕ್ಕೆತ್ತಿಕೊಂಡಳು.