ಕೋಳಿಮರಿಗೆ ಫಿಲ್ಟರ್ ನೀರು

ಉಜ್ಜಿನಿ ರಸ್ತೆ ಪಕ್ಕದ ರೇಣುಕಾಳ ಕೋಳಿ ಶೆಡ್ಡಿನಲ್ಲಿ ಆ್ಯಂಟಿಬಯಾಟಿಕ್ ಬಾಟಲಿಯೇ ಇಲ್ಲದ ಮೊದಲ ಬ್ಯಾಚು ಅದು. ಹಿಂದಿನ ಬ್ಯಾಚಿಗೆ ಮೊದಲ ದಿನದಿಂದಲೇ ನೀರಿಗೆ ಆ ಔಷಧಿ ಬೆರೆಸಿದ್ದಳು. ರೋಗದ ಕ್ರಿಮಿಗಳು ಅದಕ್ಕೆ ಒಗ್ಗಿಹೋಗಿ, ಬೇನೆ ಬಂದಾಗ ಅದು ನಾಟಲೇ ಇಲ್ಲ. ಸಾವಿರದಲ್ಲಿ ಮುನ್ನೂರು ಮರಿ ಗುಂಡಿ ಸೇರಿದವು. ಈ ಸಲ ಪಶುವೈದ್ಯರು ಹೇಳಿದಂತೆ ಪ್ರೋಬಯಾಟಿಕ್ ಪುಡಿ ಕೊಡುತ್ತಿದ್ದಳು. ಅದರಲ್ಲಿರುವುದು ಜೀವಂತ ಕ್ರಿಮಿಗಳಮ್ಮ, ಹೊಟ್ಟೆ ಕಾಯುವಂಥವು, ಎಂದು ಅವರು ತಿಳಿಸಿ ಹೇಳಿದ್ದರು.

ಆದರೆ ಹತ್ತನೆಯ ದಿನವೂ ಹಿಕ್ಕೆ ನೀರುನೀರು. ಪಕ್ಕದ ಶೆಡ್ಡಿನ ಮೈದುನ ತಿಪ್ಪೇಶ ಹಳೇ ಔಷಧಿಯ ಬಾಟಲಿ ಹಿಡಿದೇ ಬಂದ. ಪುಡಿ ನಂಬಿ ಕೂತರೆ ಈ ಸಲ ಗುಂಡಿ ಇನ್ನೂ ಅಗಲ ತೋಡಬೇಕಾದೀತು ಎಂದು ಚುಚ್ಚಿದ. ರೇಣುಕಾ ಡಾಕ್ಟರಿಗೆ ಫೋನು ಮಾಡಿದಳು. ಮರಿಗಳು ಚುರುಕಾಗಿ ಮೇಯುತ್ತಿದ್ದರೆ ಮೂರು ದಿನ ನೋಡಿ, ಸಾವು ಹೆಚ್ಚಾದರೆ ನಾನೇ ಬರುತ್ತೇನೆ ಎಂದರು ಅವರು.

"ಮೂರು ದಿನ ಬಾಟ್ಲಿ ನಿನ್ನ ಹತ್ರಾನ ಇರ್ಲಿ, ತಿಪ್ಪೇಶ," ಎಂದಳು.

ಮರುದಿನ ಮುಂಜಾನೆ ಟ್ಯಾಂಕಿಗೆ ಪುಡಿ ಕಲಸುವಾಗ ಅತ್ತೆ ಕೊಟ್ರಬಸಮ್ಮ ಮೂಗಿಗೆ ಸೆರಗು ಹಿಡಿದು ಬಂದಳು. ನೀರು ಯಾಕೆ ಹೀಗೆ ನಾರುತ್ತದೆ ಎಂದು ಕೇಳಿದಳು. ಬ್ಲೀಚಿಂಗ್ ಪೌಡರು, ದಿನಾ ಹಾಕುತ್ತೇನಲ್ಲ, ಎಂದಳು ಸೊಸೆ.

"ಅಲ್ಲವ್ವಾ, ನೀರಾಗಿನ ಹುಳ ಸಾಯ್ಲಿ ಅಂತ ಅದನ್ನ ಹಾಕ್ತಿ. ಅದರಾಗ ಮತ್ತ ಈ ಪುಡ್ಯಾಗಿನ ಹುಳಾನ ಬಿಡ್ತಿ. ಇವು ಹೆಂಗ ಬದುಕ್ತಾವು?"

ರೇಣುಕಾಳ ಕೈ ಅಲ್ಲೇ ನಿಂತಿತು. ಹತ್ತು ದಿನ ಸತ್ತ ಪುಡಿ ಕುಡಿಸಿದ್ದಾಳೆ.

ಆಮೇಲೆ ಅವಳು ಕೂರಲಿಲ್ಲ. ಟ್ಯಾಂಕು ಬರಿದು ಮಾಡಿ, ಪೈಪು, ನೀರಿನ ತಟ್ಟೆ ಎಲ್ಲ ತಿಕ್ಕಿದಳು. ಪುಡಿ ಕಲಸಲು ಬ್ಲೀಚಿಂಗ್ ಇಲ್ಲದ ನೀರು ಬೇಕೆಂದು ಸ್ಕೂಟಿಯಲ್ಲಿ ಕ್ಯಾನು ಹೇರಿಕೊಂಡು ಊರ ಶುದ್ಧ ನೀರಿನ ಘಟಕಕ್ಕೆ ಹೋದಳು. ಕೋಳಿಗೂ ಫಿಲ್ಟರ್ ನೀರೇನವ್ವ, ಹಾಸಿಗೆನೂ ಹಾಸ್ತೀಯೋ ಹೆಂಗೋ ಎಂದು ಸರತಿಯ ಹೆಂಗಸರು ನಕ್ಕರು. ಭತ್ತದ ಹೊಟ್ಟು ಹಾಸಿಯೇ ಇದ್ದೇನಲ್ಲ ಎಂದು ತಾನೂ ನಕ್ಕು, ಇನ್ನೊಂದು ಕ್ಯಾನು ನಲ್ಲಿಗೆ ಹಿಡಿದಳು.

ಮೊದಲ ದಿನ ಏನೂ ಬದಲಾಗಲಿಲ್ಲ. ಎರಡನೆಯ ದಿನ ಎರಡು ಮರಿ ಸತ್ತವು. ತಿಪ್ಪೇಶ ಬೇಲಿಯಾಚೆಯಿಂದ ನೋಡಿದ. ಅವಳು ಮತ್ತೆ ನೀರಿಗೆ ಹೋದಳು. ಮೂರನೆಯ ದಿನ ಕುಕ್ಕರಗಾಲಿನಲ್ಲಿ ಕೂತು ಹೊಟ್ಟನ್ನು ಕಡ್ಡಿಯಿಂದ ಕೆದಕಿದಳು. ಹಿಕ್ಕೆ ಗಟ್ಟಿ. ಇನ್ನೊಂದು ಮೂಲೆ ಕೆದಕಿದಳು. ಅಲ್ಲೂ ಗಟ್ಟಿ.

ತಿಪ್ಪೇಶ ಒಳಗೆ ಬಂದವನು ತಾನೂ ಒಂದು ಕಡ್ಡಿ ಹಿಡಿದು ಸುಮಾರು ಹೊತ್ತು ಕೆದಕಿದ.

"ಆ ಪುಡಿ ಎಲ್ಲಿ ಸಿಗತೈತಿ, ಅತ್ತಿಗಿ?"

"ಮೊದ್ಲು ನಿನ್ ಟ್ಯಾಂಕ್ ತೊಳಿಯೂನ ನಡಿ," ಎಂದು ರೇಣುಕಾ ಬ್ರಷ್ಷು ತೆಗೆದುಕೊಂಡಳು.